ಹಾಲಾರಿದ ಕಡ್ಡಿ

ನೀರು ಹಾಕಿ ಕೊಲ್ಲುವುದಕ್ಕೆ ಕಳ್ಳಿಯಷ್ಟು ಸುಲಭದ ಗಿಡ ಇನ್ನೊಂದಿಲ್ಲ. ಬಿಸಿಲಿಗೆ ಅದು ಜಗ್ಗುವುದಿಲ್ಲ, ಬರಕ್ಕೆ ಬಗ್ಗುವುದಿಲ್ಲ, ಆಡು ಕೂಡ ಒಮ್ಮೆ ಮೂಸಿ ನೋಡಿ ಮುಂದಕ್ಕೆ ಹೋಗುತ್ತದೆ. ಆದರೆ ದಿನಕ್ಕೊಂದು ತಂಬಿಗೆ ನೀರನ್ನು ಅಕ್ಕರೆಯಿಂದ ಬುಡಕ್ಕೆ ಸುರಿಯುತ್ತ ಹೋಗಿ, ಹತ್ತು ಹದಿನೈದು ದಿನದಲ್ಲಿ ಬುಡ ಮೆತ್ತಗಾಗಿ ಗಿಡ ಒಂದು ಪಕ್ಕಕ್ಕೆ ವಾಲಿಕೊಳ್ಳುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮೂರಿನ ಮನೆಮನೆಯ ಹಿತ್ತಲಲ್ಲಿ ನಿಂತು ಇಪ್ಪತ್ತು ವರ್ಷ ಹೇಳಿದ್ದೇನೆ, ಬೈದು ಹೇಳಿದ್ದೇನೆ. ಹಾಗೆ ಹೇಳುತ್ತಿದ್ದವಳೇ ಒಂದು ಆಷಾಢದಲ್ಲಿ ನನ್ನ ಹಿತ್ತಲಿನ ಕಳ್ಳಿಗೆ ಒಂಬತ್ತು ದಿನ ನೀರು ಹಾಕಿದೆ. ಮರೆವಿನಿಂದಲ್ಲ, ತಿಳಿದೂ ತಿಳಿದೂ ಹಾಕಿದೆ. ಹಾಕಿದ್ದು ಯಾಕೆ, ಹಾಕಿದ ಮೇಲೆ ಏನಾಯಿತು ಎಂಬುದನ್ನು ಹೇಳುತ್ತೇನೆ.

ನಮ್ಮೂರಲ್ಲಿ ಮಾತು ಕೊಡುವುದೆಂದರೆ ಕಡ್ಡಿ ಮುರಿಯುವುದು. ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಕಳ್ಳಿಯ ಕಡ್ಡಿಯೊಂದನ್ನು ಬಟ್ಟೆ ಸುತ್ತಿ ಹಿಡಿದು ಮುರಿಯುತ್ತಾರೆ, ಮಾತು ಹೇಳುತ್ತಾರೆ, ಮುರಿದ ಜಾಗದ ಹಾಲು ಆರುವತನಕ ನೆರಳಲ್ಲಿ ಇಟ್ಟು ಆಮೇಲೆ ನೆಡುತ್ತಾರೆ. ಗಿಡ ಇರುವಷ್ಟು ದಿನ ಮಾತು ಇರುತ್ತದೆ. ಗಿಡ ಸತ್ತರೆ ಇಬ್ಬರಿಗೂ ಆ ಮಾತು ಮರೆತುಹೋಗುತ್ತದೆ, ಮಾತಿನ ಜೊತೆಗೆ ಅದಕ್ಕೆ ಅಂಟಿಕೊಂಡದ್ದೆಲ್ಲವೂ ಹೋಗುತ್ತದೆ. ಬರೆದಿಟ್ಟುಕೊಳ್ಳಬಾರದೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಬರೆದಿಟ್ಟು ನೋಡಿದವರಿದ್ದಾರೆ. ಗಿಡ ಸತ್ತ ಮೇಲೆ ತಮ್ಮದೇ ಅಕ್ಷರ ತಮಗೆ ಯಾರೋ ಹುಚ್ಚರು ಗೀಚಿದ್ದಾಗಿ ಕಾಣುತ್ತದೆ, ಒಲೆಗೆ ಹಾಕುತ್ತಾರೆ. ಇನ್ನೊಬ್ಬರಿಗೆ ಹೇಳಿಡೋಣವೆಂದರೆ, ಬೇರೆಯವರ ಕಡ್ಡಿಯ ಮಾತಿಗೆ ಕಿವಿ ಕೊಡುವುದನ್ನು ನಮ್ಮೂರಲ್ಲಿ ಬೇರೆಯವರ ಅಡುಗೆಮನೆಗೆ ಹೇಳದೆ ಹೋಗುವುದಕ್ಕಿಂತ ಕೀಳೆಂದು ತಿಳಿಯುತ್ತಾರೆ.

ಹೀಗಿರುವುದರಿಂದ ನಮ್ಮ ಜನ ಮಾತು ಕೊಡುವುದು ಕಡಿಮೆ, ಕೊಟ್ಟರೆ ಬುಡ ನೋಡುವುದು ಹೆಚ್ಚು. ಮಳೆಗಾಲ ಬಂತೆಂದರೆ ಊರಿಗೆ ಊರೇ ಗೋಣಿತಾಟು, ತಗಡು ಹೊತ್ತುಕೊಂಡು ಹಿತ್ತಲಲ್ಲಿ ಓಡಾಡುತ್ತದೆ. ಓಟು ಕೇಳಲು ಬರುವವರು ಎರಡೂ ಕೈ ಜೋಡಿಸಿಯೇ ಇರುತ್ತಾರೆ, ಎಲ್ಲಿ ಯಾರಾದರೂ ಕಡ್ಡಿ ಹಿಡಿಸಿಬಿಡುತ್ತಾರೋ ಎಂದು. ಊರ ಅಗಸೆ ಬಾಗಿಲಿನ ಹತ್ತಿರ ಅರ್ಧ ಕಟ್ಟಿದ ಗೋಡೆಯೊಂದಿದೆ. ಅಣ್ಣ ತಮ್ಮಂದಿರಿಬ್ಬರು ಕಟ್ಟುತ್ತಿದ್ದರು. ಹಳ್ಳದ ನೀರು ನುಗ್ಗಿ ಗಿಡ ಕೊಳೆತ ದಿನ ಇಬ್ಬರೂ ಕರಣಿ ಹಿಡಿದುಕೊಂಡು, ಇದನ್ನು ಯಾರು ಯಾಕೆ ಕಟ್ಟುತ್ತಿದ್ದಾರೆ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರಂತೆ. ಇನ್ನೊಂದು ಮನೆಯಲ್ಲಿ ಮದುವೆಯ ಹಂದರ ಹಾಕಿದ ಮೇಲೆ ಗಿಡ ಹೋಯಿತು. ಬಂದ ಬೀಗರು ಉಂಡು, ಚೆನ್ನಾಗಿತ್ತು ಎಂದು ಹೇಳಿ, ಯಾಕೆ ಬಂದಿದ್ದೆವೆಂದು ತಿಳಿಯದೆ ಹೊರಟುಹೋದರು. ಮರುವರ್ಷ ಅದೇ ಹುಡುಗ ಅದೇ ಹುಡುಗಿಯನ್ನು ಹೊಸದಾಗಿ ನೋಡಿ ಒಪ್ಪಿ ಮದುವೆಯಾದ. ಎಲ್ಲರಿಗೂ ಹಾಗೆ ಎರಡನೇ ಸಲ ಒಲಿದು ಬರುವುದಿಲ್ಲ. ಬೇಕೆಂದೇ ನೀರು ಹಾಕಿ ಗಿಡ ಕೊಂದವರೂ ಊರಲ್ಲಿ ಇದ್ದಾರು. ಅವರನ್ನು ಹಿಡಿಯಲು ಯಾರಿಂದಲೂ ಆಗಿಲ್ಲ. ತಾವು ಕೊಂದದ್ದು ಅವರಿಗೇ ನೆನಪಿರುವುದಿಲ್ಲ.

ನನ್ನ ಹೆಸರು ತುಳಜವ್ವ. ಕಳ್ಳಿಗೆ ರೋಗ ಬಂದರೆ ಕರೆಯುವುದು ನನ್ನನ್ನೇ. ನಮ್ಮಪ್ಪನಿಂದ ಬಂದ ವಿದ್ಯೆ. ಮೂರು ಪಾಲು ಉಸುಕಿಗೆ ಒಂದು ಪಾಲು ಮಣ್ಣು, ಮುಷ್ಟಿ ಗೊಬ್ಬರ, ಅಡಿಗೆ ಹೆಂಚಿನ ಚೂರು. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಬೇಕು, ತಂಪು ತಗುಲಿದರೆ ತಂಬಿಗೆ ಕೆಳಗಿಡಬೇಕು. ಕೊಳೆ ಬುಡದಿಂದ ಮೇಲಕ್ಕೆ ಹತ್ತುತ್ತದೆ. ಅದು ತುದಿ ಮುಟ್ಟುವ ಮೊದಲೇ ಮೇಲಿನ ಒಳ್ಳೆಯ ಭಾಗ ಕೊಯ್ದುಕೊಂಡು, ಹಾಲು ಆರಿಸಿ ನೆಟ್ಟರೆ ಮತ್ತೆ ಬೇರು ಬಿಡುತ್ತದೆ, ಬೇರು ಬಿಟ್ಟರೆ ಮರೆತ ಮಾತು ತಿರುಗಿ ಬರುತ್ತದೆ. ಅದಕ್ಕೇ ನನಗೆ ಊರಲ್ಲಿ ಬೆಲೆ. ಹಾಲು ಸಿಡಿದು ಎಡಗಣ್ಣು ಮಬ್ಬಾಗಿದೆ; ಬಲಗಣ್ಣಿನಲ್ಲಿ ನೋಡಿದರೂ ಯಾವ ಗಿಡ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ದೂರದಿಂದಲೇ ಹೇಳಬಲ್ಲೆ.

ನನ್ನ ಹಿತ್ತಲಲ್ಲಿ ಇದ್ದದ್ದು ಒಂದೇ ಮಾತಿನ ಗಿಡ. ಚದುರಗಳ್ಳಿ, ನಾಲ್ಕು ಏಣು, ಏಣಿನುದ್ದಕ್ಕೂ ಜೋಡಿ ಮುಳ್ಳು, ನನಗಿಂತ ಒಂದು ಗೇಣು ಎತ್ತರ. ಅದರ ಸಂಗತಿ ಹೀಗೆ. ಮದುವೆಯಾದ ಮೇಲೆ ನಾನು ಗಂಡನ ಜೊತೆ ದೂರದ ಕಲ್ಲಿನ ಕ್ವಾರಿಯಲ್ಲಿ ಏಳು ವರ್ಷ ಇದ್ದೆ. ಮಕ್ಕಳಾಗಲಿಲ್ಲ. ಗಂಡ ಧೂಳು ಕುಡಿದು ಕುಡಿದು ಕೆಮ್ಮಿ ಸತ್ತ. ಪಕ್ಕದ ಗುಡಿಸಲಲ್ಲಿ ಹುಲಿಗೆವ್ವ ಎಂಬ ಹೆಂಗಸು ಒಬ್ಬಳೇ ಇದ್ದಳು, ಜಲ್ಲಿ ಒಡೆಯುವವಳು, ಬೇವಿನ ಗಿಡಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು. ಕೂಸಿನ ಅಪ್ಪ ಯಾರೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳಿಗೆ ಜ್ವರ ಬಂದು ಮೂರನೇ ದಿನ ಕಣ್ಣು ಮೇಲಾದವು. ನಮ್ಮೂರ ಪದ್ಧತಿಯನ್ನು ನಾನು ಅವಳಿಗೆ ಎಂದೋ ನಗುತ್ತ ಹೇಳಿದ್ದೆ. ಅದು ಅವಳ ತಲೆಯಲ್ಲಿತ್ತು. ಬೇಲಿಯಿಂದ ಒಂದು ಕಡ್ಡಿ ತರಲು ಹೇಳಿದಳು. ಕಲ್ಲಿನ ಪುಡಿ ಮೆತ್ತಿದ ಅವಳ ಕೈ, ನನ್ನ ಕೈ, ನಡುವೆ ಆ ಕಡ್ಡಿ.

"ಈ ಕೂಸು ನಿನ್ನದ ಯಕ್ಕಾ, ನೀನ ಅಕಿ ಅವ್ವ," ಎಂದಳು. "ಸಣ್ಣಾಕಿ ಇದ್ದಾಗ ಹೇಳಿದ್ರ ಅಕಿ ಎರಡೂ ಕಡೆ ಇಲ್ಲದಂಗ ಆಕ್ಕಾಳ. ಇಪ್ಪತ್ತು ತುಂಬಿದ ದಿನ ನನ್ನ ಹೆಸರು ಹೇಳು. ಒಂದಸಲ ಅಕಿ ಬಾಯಾಗ ನನ್ನ ಹೆಸರು ಬರಲಿ, ಸಾಕು."

ಹೇಳುತ್ತೇನೆ ಎಂದೆ. ಕಡ್ಡಿ ಮುರಿದೆವು. ಮರುದಿನ ಅವಳನ್ನು ಮಣ್ಣು ಮಾಡಿ, ಸೊಂಟದಲ್ಲಿ ಕೂಸು, ಗಂಟಿನಲ್ಲಿ ಕಡ್ಡಿ ಇಟ್ಟುಕೊಂಡು ತವರೂರಿಗೆ ನಡೆದೆ. ಎಂಟು ತಿಂಗಳ ಕೂಸು ಎತ್ತಿಕೊಂಡು ಬಂದ ವಿಧವೆಯನ್ನು ಯಾರು ಏನು ಕೇಳುತ್ತಾರೆ? ಎಲ್ಲರೂ ನನ್ನದೇ ಎಂದು ತಿಳಿದರು. ಅನಸೂಯಾ ಎಂದು ಹೆಸರಿಟ್ಟೆ. ಮೂಗು ನಿನ್ನದೇ ನೋಡು ಎಂದು ಓಣಿಯ ಹೆಂಗಸರು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ.

ಇಪ್ಪತ್ತು ವರ್ಷವೆಂದರೆ ಆಗ ಬಹಳ ದೂರವೆನಿಸಿತ್ತು. ನೋಡ ನೋಡುತ್ತ ಹುಡುಗಿ ಹೊಲಿಗೆ ಕಲಿತಳು, ಪಡಸಾಲೆಯ ಕಿಟಕಿಯ ಪಕ್ಕ ಮೆಷಿನ್ನು ಹಾಕಿಕೊಂಡು ಊರಿನ ಅರ್ಧ ಕುಪ್ಪಸ ಅವಳೇ ಹೊಲಿಯತೊಡಗಿದಳು. ನನಗಿಂತ ಬಾಯಿ ಜೋರು, ಕೈ ನನಗಿಂತ ಚುರುಕು. ಶ್ರಾವಣದ ಮೊದಲ ಸೋಮವಾರ ಅವಳು ಹುಟ್ಟಿದ್ದು ಎಂದು ಹುಲಿಗೆವ್ವ ಹೇಳಿದ್ದಳು. ಆ ವರ್ಷದ ಆಷಾಢ ಕಾಲಿಟ್ಟಾಗ ನನಗೆ ಅನ್ನ ಸೇರದಾಯಿತು. ಹೇಳಿದ ಮೇಲೆ ಅವಳು ನನ್ನನ್ನು ಹೇಗೆ ನೋಡುತ್ತಾಳೆ? ಇಷ್ಟು ವರ್ಷ ಸುಳ್ಳು ಹೇಳಿದಿ ಎನ್ನುತ್ತಾಳೆಯೇ? ನನಗೆ ಅವಳನ್ನು ಬಿಟ್ಟರೆ ಬೇರೆ ಯಾರಿದ್ದಾರೆ? ಹಿತ್ತಲಿಗೆ ಹೋದಾಗಲೆಲ್ಲ ಆ ಗಿಡ ಕಾಣುತ್ತಿತ್ತು. ಆ ಗಿಡ ಇಲ್ಲದಿದ್ದರೆ ಹೇಳುವ ಭಾರ ಹೋಗುತ್ತದೆ, ಅಷ್ಟೇ ಅಲ್ಲ, ಅನಸೂಯಾ ನನ್ನ ಹೊಟ್ಟೆಯಲ್ಲೇ ಹುಟ್ಟಿದವಳೆಂದು ನಾನೇ ನಂಬುತ್ತೇನೆ. ಪಾಪವೂ ನೆನಪಿರುವುದಿಲ್ಲ. ನನಗೆ ಆಸೆ ಹುಟ್ಟಿದ್ದು ಅಲ್ಲಿ, ಹಾಗೆ ನಂಬಬಹುದೆಂಬ ಮಾತಿನಲ್ಲಿ. ಒಂದು ಬೆಳಿಗ್ಗೆ ತಂಬಿಗೆ ತುಂಬಿಸಿಕೊಂಡು ಹೋಗಿ ಬುಡಕ್ಕೆ ಸುರಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಒಂಬತ್ತನೇ ದಿನ ಅನಸೂಯಾ ಬಾವಿಯ ಹಗ್ಗ ಬಿಗಿಯಲು ಹಿತ್ತಲಿಗೆ ಬಂದವಳು ನನ್ನನ್ನು ನೋಡಿದಳು. "ಅವ್ವಾ, ಕಳ್ಳಿಗೆ ದಿನಾ ನೀರು ಹಾಕಾಕತ್ತೀಯಲ್ಲ, ಏನಾತು ನಿನಗ?" ಎಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾನು ಏನೋ ಗೊಣಗಿ ತಂಬಿಗೆಯನ್ನು ಸೆರಗಿನಲ್ಲಿ ಮರೆ ಮಾಡಿದೆ. ಅವಳು ಹೋದ ಮೇಲೆ ಬುಡವನ್ನು ಹೆಬ್ಬೆರಳಿನಿಂದ ಒತ್ತಿದೆ. ಮೆತ್ತಗಿತ್ತು, ಬೆರಳಿಗೆ ಕಂದು ನೀರು ಹತ್ತಿತು. ಬೇಕಾದದ್ದು ಆಗುತ್ತಿದೆ ಎಂದುಕೊಂಡೆ. ಎಂದುಕೊಂಡು ಹುಲಿಗೆವ್ವನ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಮುಖ ಬರಲಿಲ್ಲ. ಕೈ ಮಾತ್ರ ಕಂಡಿತು, ಪುಡಿ ಮೆತ್ತಿದ ಕೈ. ಹೆಸರು ನಾಲಿಗೆಯ ತುದಿಗೆ ಬಂದು ಜಾರಿತು.

ಆಗ ನನಗಾದ ಭಯ ಇಂಥದ್ದೆಂದು ಹೇಳಲಾರೆ. ಆ ಹೆಂಗಸಿಗೆ ಗೋರಿಯಿಲ್ಲ, ಪಟವಿಲ್ಲ, ಅಣ್ಣ ತಮ್ಮಂದಿರಿಲ್ಲ. ಅವಳು ಒಂದು ಕಾಲಕ್ಕೆ ಬದುಕಿದ್ದಳು ಎಂಬುದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವಳು ಕೇಳಿದ್ದಾದರೂ ಏನು? ಬಂಗಾರವಲ್ಲ, ಮಗಳನ್ನು ಹಿಂದಕ್ಕೆ ಕೊಡು ಎಂದಲ್ಲ. ಒಂದು ಹೆಸರು. ಅಷ್ಟನ್ನೂ ನಾನು ಅವಳಿಂದ ಕಸಿದುಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹುಡುಗಿ ಬಿಟ್ಟುಹೋದರೆ ಹೋಗಲಿ, ಇವತ್ತೇ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಒಳಗೆ ಓಡಿದೆ. ಮೆಷಿನ್ನಿನ ಎದುರು ಕೂತು ಅವಳ ಮೊಣಕಾಲು ಹಿಡಿದುಕೊಂಡೆ. ಬಾಯಿ ತೆರೆದೆ. ನಿನಗೆ ಒಂದು ಮಾತು ಹೇಳಬೇಕು ಎಂದೆ. ಅದರ ಮುಂದೆ ಏನೂ ಇರಲಿಲ್ಲ. ಹೇಳಬೇಕು ಎಂಬುದು ಉಳಿದಿತ್ತು, ಏನು ಹೇಳಬೇಕೋ ಅದು ಹೋಗಿತ್ತು.

ಅನಸೂಯಾ ನನ್ನ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಎಂದಳು. ನಾನು ಎದ್ದೆ. ಇನ್ನು ಅಳುತ್ತ ಕೂತರೆ ಅದೂ ಹೋಗುತ್ತದೆ, ಈ ಅಳು ಯಾಕೆಂಬುದೂ ಹೋಗುತ್ತದೆ. ಉಳಿದದ್ದು ಒಂದೇ ದಾರಿ, ಅದು ನನಗೆ ಗೊತ್ತಿದ್ದ ದಾರಿ. ಕುಡುಗೋಲು ತಗೊಂಡು ಬಾ, ಗಿಡ ಕೊಯ್ಯಬೇಕು ಎಂದು ಅವಳಿಗೆ ಹೇಳಿದೆ.

ಅವಳು ಗೋಣಿಚೀಲ ಸುತ್ತಿ ಗಿಡದ ತಲೆ ಹಿಡಿದುಕೊಂಡಳು, ನಾನು ಕೊಯ್ದೆ. ಮೊದಲ ಕೊಯ್ತ ಸೊಂಟದ ಎತ್ತರಕ್ಕೆ. ಬಿಳಿ ತಿರುಳಿನ ನಡುವೆ ಕಂದು ಉಂಗುರ. ಎದೆಯ ಎತ್ತರಕ್ಕೆ ಕೊಯ್ದೆ, ಇನ್ನೂ ಉಂಗುರ. ಕುಡುಗೋಲನ್ನು ಪ್ರತಿ ಸಲ ಒಲೆಯಲ್ಲಿ ಕಾಯಿಸಿ ಕೊಯ್ಯಬೇಕು, ಇಲ್ಲದಿದ್ದರೆ ಕೊಳೆಯನ್ನು ನಾವೇ ಮೇಲಕ್ಕೆ ಹತ್ತಿಸಿದಂತೆ. ಮೂರನೇ ಕೊಯ್ತ ತಲೆಯ ಎತ್ತರಕ್ಕೆ. ಅಲ್ಲಿ ಉಂಗುರ ಇರಲಿಲ್ಲ. ಹಾಲು ಬೆಳ್ಳಗೆ, ದಪ್ಪಗೆ ಉಕ್ಕಿ ಬಂತು. ಇಪ್ಪತ್ತು ವರ್ಷದ ಗಿಡದಲ್ಲಿ ಉಳಿದದ್ದು ಒಂದು ಗೇಣು. ಕೊಯ್ದ ಮುಖವನ್ನು ನೀರಲ್ಲಿ ಅದ್ದಿ ಹಾಲು ನಿಲ್ಲಿಸಿ, ಒಲೆಯ ಬೂದಿ ಮೆತ್ತಿ, ಮೊರದಲ್ಲಿ ಇಟ್ಟು ಅಡುಗೆಮನೆಯ ಅಟ್ಟಕ್ಕೆ ಏರಿಸಿದೆ. ಅಷ್ಟು ದಪ್ಪದ ಕಡ್ಡಿ ಆರಲು ಹತ್ತು ದಿನ ಬೇಕು.

ಹತ್ತು ದಿನ ಕಾಯುವುದು ಹೇಗೆ? ನನ್ನೊಳಗಿನದು ದಿನ ದಿನಕ್ಕೆ ಸವೆಯುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಎದ್ದಾಗ ಆ ಪುಡಿ ಮೆತ್ತಿದ ಕೈಯೂ ಯಾರದೆಂದು ತಿಳಿಯಲಿಲ್ಲ. ಗಾಬರಿಯಾಗಿ ಮೊರ ಇಳಿಸಿ, ಹಿತ್ತಲಿಗೆ ಓಡಿ, ಉಸುಕು ಹರವಿ, ಕುಣಿ ತೋಡಿ ಕಡ್ಡಿಯನ್ನು ಇಳಿಸಲು ಹೊರಟೆ. ಕೊಯ್ದ ಮುಖ ಇನ್ನೂ ಹಸಿಯಾಗಿತ್ತು. ಹಸಿ ಕಡ್ಡಿ ನೆಟ್ಟರೆ ಮಣ್ಣಿನ ತೇವ ಅದರ ಬಾಯಿಂದಲೇ ಒಳಗೆ ಹೋಗುತ್ತದೆ, ನಾಲ್ಕು ದಿನದಲ್ಲಿ ಕೊಳೆಯುತ್ತದೆ. ನಮ್ಮೂರಲ್ಲಿ ಹೊಸದಾಗಿ ಮಾತು ಕೊಟ್ಟವರು ಆತುರಕ್ಕೆ ಮಾಡುವ ತಪ್ಪು ಇದೇ, ಮಾತು ಎಲ್ಲಿ ಜಾರುತ್ತದೋ ಎಂದು ಹೆದರಿ ನೆಟ್ಟು ಕೊಲ್ಲುತ್ತಾರೆ. ಅಂಥವರನ್ನು ನಾನು ಬಾಯಿಗೆ ಬಂದಂತೆ ಬೈದಿದ್ದೆ. ಅನಸೂಯಾ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದಳು.

"ಹಾಲು ಆರಲಾರದ ಕಡ್ಡಿ ನೆಡಬ್ಯಾಡ್ರಿ ಅಂತ ಊರಿಗೆಲ್ಲಾ ಹೇಳಾಕಿ ನೀನ," ಎಂದಳು. "ಯಾವ ಮಾತೋ ನನಗ ಗೊತ್ತಿಲ್ಲ. ಆದ್ರ ನಿನ್ನ ಕೈಲೆ ಅದನ್ನ ನೀ ಕೊಲ್ಲಬ್ಯಾಡ."

ನನ್ನ ಕೈಯಿಂದ ಕಡ್ಡಿ ಬಿಡಿಸಿಕೊಂಡು ತಾನೇ ಮೊರದಲ್ಲಿಟ್ಟು ಅಟ್ಟಕ್ಕೆ ಏರಿಸಿದಳು. ನಾನು ಅಗೆದ ಕುಣಿಯ ಪಕ್ಕ ಕೂತೆ. ಇನ್ನು ಏಳು ದಿನ. ಏನಾದರೂ ಆಗಲಿ, ಏಳು ದಿನ ಆ ಮೊರ ಮುಟ್ಟುವುದಿಲ್ಲ ಎಂದು ನಿಶ್ಚಯ ಮಾಡಿದೆ. ಆಮೇಲೆ ಯಾಕೆ ಮುಟ್ಟುವುದಿಲ್ಲ ಎಂಬುದನ್ನು ಮರೆತರೂ ಮುಟ್ಟಬಾರದೆಂದು, ದಿನ ಬೆಳಗಾದರೆ ಬೇರೆಯವರ ಹಿತ್ತಲಿಗೆ ಹೊರಟುಬಿಡುತ್ತಿದ್ದೆ. ಮಳೆ ಹಿಡಿದಿತ್ತು, ಕೆಲಸಕ್ಕೆ ಬರವಿರಲಿಲ್ಲ.

ಕೊಯ್ದ ಆರನೇ ದಿನ ಎಲ್ಲವೂ ಹೋಯಿತು. ಹೋದದ್ದು ನನಗೆ ತಿಳಿಯಲಿಲ್ಲ, ತಿಳಿಯುವುದೂ ಇಲ್ಲ. ತಿಳಿದದ್ದು ಇಷ್ಟೇ, ಮನಸ್ಸು ಹಗುರಾಗಿತ್ತು. ಅಷ್ಟು ಹಗುರು ನಾನು ಹರೆಯದಲ್ಲೂ ಇರಲಿಲ್ಲ. ಮಗಳ ತಲೆಗೆ ಎಣ್ಣೆ ಹಚ್ಚಿದೆ, ರಾಶಿಯ ಕಣದಲ್ಲಿ ಹೇಳುವ ಹಳೆಯ ಹಂತಿಯ ಹಾಡು ಹೇಳಿದೆ. ಎಂಟನೇ ದಿನ ಶ್ರಾವಣದ ಮೊದಲ ಸೋಮವಾರ. ಹೋಳಿಗೆ ಮಾಡಿದೆ. ಉಣ್ಣುತ್ತ ಕೂತಾಗ ಅನಸೂಯಾ, ನಾನು ಹುಟ್ಟಿದ ದಿನ ಹೇಗಿತ್ತು ಎಂದು ಕೇಳಿದಳು. ಅದನ್ನು ಅವಳು ಸಣ್ಣವಳಿದ್ದಾಗಿನಿಂದ ಕೇಳುತ್ತಿದ್ದಳು, ನಾನು ಪ್ರತಿ ಸಲ ಏನೋ ಕೆಲಸ ನೆನಪಾಗಿ ಏಳುತ್ತಿದ್ದೆ. ಆ ದಿನ ಏಳಲಿಲ್ಲ. ಮೂರು ದಿನ ಬೇನೆ ತಿಂದೆ ಎಂದೆ. ಹೊರಗೆ ಜಿಟಿಜಿಟಿ ಮಳೆ ಇತ್ತು, ಸೂಲಗಿತ್ತಿ ದಾರಿಯಲ್ಲಿ ಜಾರಿ ಬಿದ್ದಳು, ನೀನು ಹೊರಗೆ ಬಂದ ಕೂಡಲೇ ಅಳಲಿಲ್ಲ, ನಾನೇ ಕಾಲು ಹಿಡಿದು ಬೆನ್ನು ತಟ್ಟಿದೆ ಎಂದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದೆ. ಆ ನೋವು ನನ್ನ ಮೈಯಲ್ಲಿ ನಿಜವಾಗಿಯೂ ಇತ್ತು. ಅವಳು ತುತ್ತು ಹಿಡಿದುಕೊಂಡೇ ಕೇಳಿಸಿಕೊಂಡಳು, ಕಣ್ಣು ಒದ್ದೆ ಮಾಡಿಕೊಂಡಳು. ನನ್ನ ಇಡೀ ಬದುಕಿನಲ್ಲಿ ಅದಕ್ಕಿಂತ ಸುಖದ ಊಟ ನಾನು ಉಂಡಿಲ್ಲ. ಸುಳ್ಳೇಕೆ ಹೇಳಲಿ?

ಹತ್ತನೇ ದಿನ ಉಪ್ಪಿನ ಭರಣಿ ತೆಗೆಯಲು ಅಟ್ಟಕ್ಕೆ ಕೈ ಹಾಕಿದಾಗ ಮೊರ ಸಿಕ್ಕಿತು. ಮೊರದಲ್ಲಿ ಗೇಣುದ್ದದ ಕಡ್ಡಿ, ಬುಡ ಒಣಗಿ ಬೆಂಡಾಗಿದೆ, ಚೆನ್ನಾಗಿ ಆರಿದೆ. ಯಾರು ಕೊಟ್ಟುಹೋದದ್ದು ಇದು ಎಂದು ಮಗಳನ್ನು ಕೇಳಿದೆ. ಅವಳು ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದಳು. "ನಮ್ಮದ ಅವ್ವ. ಹಿತ್ತಲದಾಗಿಂದು," ಎಂದಳು. ನಮ್ಮದೇ? ನಮ್ಮದು ಯಾವ ಮಾತು ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಈ ಊರಲ್ಲಿ ಬೆಳೆದ ಹುಡುಗಿ, ಏನಾಗಿದೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಅವ್ವ ಯಾರಿಗೋ ಏನೋ ಮಾತು ಕೊಟ್ಟಿದ್ದಾಳೆ, ಅದು ಹೋಗಿದೆ. ಇಷ್ಟು ಮಾತ್ರ ತಿಳಿಯಿತು, ಆ ಮಾತು ತನ್ನ ಕುರಿತದ್ದೆಂದು ತಿಳಿಯಲಿಲ್ಲ.

ಎಸೆಯಬಹುದಿತ್ತು. ಏನೋ ಚಿಲ್ಲರೆ ಮಾತಿರಬೇಕು, ಹೋದರೆ ಹೋಯಿತು ಎಂದು ನನಗೆ ಅನ್ನಿಸಿದ್ದೂ ಉಂಟು. ಈಗಿರುವ ಸುಖ ಕೆಡಿಸಿಕೊಳ್ಳುವುದು ಯಾಕೆ ಎಂದೂ ಒಂದು ಗಳಿಗೆ ಅನ್ನಿಸಿತು, ಯಾಕೆ ಹಾಗೆ ಅನ್ನಿಸಿತೆಂದು ಆಗ ತಿಳಿಯಲಿಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ನನ್ನ ಮೊರಕ್ಕೆ ಬಂದ ಒಂದು ಕಡ್ಡಿಯನ್ನೂ ನಾನು ಎಸೆದವಳಲ್ಲ. ಹಗೆಯವರ ಮನೆಯದಿರಲಿ, ನನ್ನನ್ನು ಬೈದವರದ್ದಿರಲಿ, ಆರಿದ ಕಡ್ಡಿ ಮಣ್ಣಿಗೆ ಇಳಿಯಲೇಬೇಕು. ನನ್ನದೆಂದ ಮಾತ್ರಕ್ಕೆ ಅದಕ್ಕೆ ಬೇರೆ ನ್ಯಾಯವೇ? ಯಾರದೋ ಮಾತೆಂದೇ ತಿಳಿದು ಉಸುಕು ಹದ ಮಾಡಿ, ಎರಡು ಬೆರಳು ಆಳಕ್ಕೆ ನೆಟ್ಟು, ವಾಲದಂತೆ ಮೂರು ಕಲ್ಲು ಆನಿಸಿದೆ. ನೀರು ಹಾಕಲಿಲ್ಲ. ಹತ್ತು ದಿನ ಹನಿ ನೀರನ್ನೂ ತೋರಿಸಲಿಲ್ಲ. ಗಾಳಿ ಮಳೆಗೆ ತಗಡು ಹಾರಿದಾಗ ನಾನು ಒಂದು ಬದಿ, ಮಗಳು ಒಂದು ಬದಿ ಗೋಣಿತಾಟು ಹಿಡಿದು ಮಳೆ ನಿಲ್ಲುವತನಕ ನಿಂತೆವು. ಅವಳು ಮೈಯೆಲ್ಲ ತೊಯ್ದು ನಡುಗುತ್ತಿದ್ದರೂ ಕೈ ಬಿಡಲಿಲ್ಲ. ಮಗಳ ಹಟ ನನ್ನದೇ ಎಂದು ನಾನು ಹೆಮ್ಮೆ ಪಟ್ಟೆ.

ನೆಟ್ಟ ಇಪ್ಪತ್ತೈದನೇ ದಿನ ರೊಟ್ಟಿ ಬಡಿಯುತ್ತಿದ್ದೆ. ಅದಕ್ಕೂ ಮೊದಲು ಹಿತ್ತಲಿಗೆ ಹೋದಾಗ ಕಡ್ಡಿಯನ್ನು ಮೆಲ್ಲಗೆ ಅಲುಗಿಸಿ ನೋಡಿದ್ದೆ, ನೆಲ ಹಿಡಿದಿತ್ತು, ಬರಲಿಲ್ಲ. ಬೇರು ಬಿಟ್ಟಿದೆ ಎಂದು ಸಂತೋಷಪಟ್ಟು ಒಳಗೆ ಬಂದಿದ್ದೆ. ಮೂರನೇ ರೊಟ್ಟಿ ಹಂಚಿನ ಮೇಲಿದ್ದಾಗ, ಹಿಟ್ಟು ಮೆತ್ತಿದ ನನ್ನ ಕೈಯನ್ನು ನೋಡುತ್ತ ಕೂತವಳಿಗೆ, ಜ್ವರದಲ್ಲಿ ಒಣಗಿದ ತುಟಿ ಕಂಡಿತು, ಜೋಲಿ ಕಂಡಿತು, ಹುಲಿಗೆವ್ವ ಎಂಬ ಹೆಸರು ಬಂತು. ಆಮೇಲೆ ತಂಬಿಗೆ ಬಂತು. ಒಂಬತ್ತು ದಿನವೂ ಒಂದೊಂದಾಗಿ ಬಂದವು. ಹೋಳಿಗೆಯ ದಿನ ಹೇಳಿದ ಬೇನೆಯೂ ಹಾಗೇ ಇತ್ತು, ಅದು ಆಗಿದ್ದಲ್ಲ ಎಂಬ ತಿಳಿವೂ ಅದರ ಪಕ್ಕದಲ್ಲೇ ಬಂದು ಕೂತಿತು. ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆಯಾಯಿತು.

ಈ ಸಲ ತಡ ಮಾಡಲಿಲ್ಲ. ಕೈ ತೊಳೆಯದೆ ಪಡಸಾಲೆಗೆ ಹೋಗಿ, ಮೆಷಿನ್ನು ನಿಲ್ಲಿಸು ಎಂದೆ. ಹೇಳಿದೆ. ಕ್ವಾರಿ, ಗುಡಿಸಲು, ಬೇವಿನ ಗಿಡ, ಜ್ವರ, ಕಡ್ಡಿ. ಇಪ್ಪತ್ತು ತುಂಬಿದ ದಿನ ಹೇಳಬೇಕಾದದ್ದನ್ನು ಇಪ್ಪತ್ತೇಳು ದಿನ ತಡವಾಗಿ ಹೇಳುತ್ತಿದ್ದೇನೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ನೀರು ಹಾಕಿದ್ದು ಮರೆವಿನಿಂದ ಎಂದಿದ್ದರೆ ನಂಬುತ್ತಿದ್ದಳು. ಆದರೆ ಅರ್ಧ ಮಾತು ಹೇಳಿ ಬದುಕುವುದು ಸಾಕಾಗಿತ್ತು. ಗಿಡ ಸಾಯಲೆಂದೇ ನೀರು ಹಾಕಿದೆ ಎಂದೂ ಹೇಳಿದೆ.

ಅನಸೂಯಾ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಮೂರು ದಿನ ಬೇನೆ ತಿಂದೆ ಅಂದಿ. ಬೆನ್ನು ತಟ್ಟಿದೆ ಅಂದಿ," ಎಂದಳು.

"ಅವತ್ತು ನನಗ ಅದ ಖರೇ ಇತ್ತು. ಆದ್ರ ಆಗಿದ್ದಲ್ಲ," ಎಂದೆ.

"ನೀರು ಯಾಕ ಹಾಕಿದಿ?"

"ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಂತ ನಾನ ನಂಬಬೇಕಿತ್ತು," ಎಂದೆ. ಬೇರೆ ಕಾರಣ ನನ್ನಲ್ಲಿ ಇರಲಿಲ್ಲ.

ಅವಳು ಆ ಹೆಸರು ಇನ್ನೊಮ್ಮೆ ಹೇಳಲು ಹೇಳಿದಳು. ಹೇಳಿದೆ. "ಹುಲಿಗೆವ್ವ," ಎಂದು ತಾನೂ ಅಂದಳು, ಮೆಲ್ಲಗೆ, ಪ್ರತಿ ಅಕ್ಷರವನ್ನೂ ನೋಡಿಕೊಂಡು. ಕೊಟ್ಟ ಮಾತು ಅಲ್ಲಿಗೆ ನಡೆಯಿತು. ನನಗೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅವಳು ಎದ್ದು ಒಳಗೆ ಹೋಗಿ ಹೊತ್ತಿದ ರೊಟ್ಟಿಯನ್ನು ಹಂಚಿನಿಂದ ಕೆರೆದು ತೆಗೆದಳು.

ಆಮೇಲಿನ ನಾಲ್ಕು ದಿನ ಅವಳು ನನ್ನನ್ನು ಅವ್ವ ಎನ್ನಲಿಲ್ಲ. ಊಟಕ್ಕ ಬರ್ರಿ, ನೀರು ಕಾದಾವು ಏಳ್ರಿ ಎಂದು ಬೀಗರನ್ನು ಕರೆದ ಹಾಗೆ ಕರೆದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮರ್ಯಾದೆ ನನ್ನ ಕರುಳು ಕೊಯ್ಯುತ್ತಿತ್ತು. ಆದರೂ ಒಮ್ಮೆಯೂ ಹೇಳಬಾರದಿತ್ತು ಎನ್ನಿಸಲಿಲ್ಲ. ಹುಡುಗಿ ಗಂಟು ಕಟ್ಟಿಕೊಂಡು ಕ್ವಾರಿಯ ದಾರಿ ಹಿಡಿದರೆ ತಡೆಯಬಾರದು, ಬುತ್ತಿ ಕಟ್ಟಿಕೊಡಬೇಕು ಎಂದು ನಿಶ್ಚಯಿಸಿ ಜೋಳದ ಹಿಟ್ಟು ಬೀಸಿಟ್ಟೆ.

ಐದನೇ ದಿನ ಬೆಳಿಗ್ಗೆ ಹಿತ್ತಲಿನಿಂದ ಕರೆದಳು. ಬೇಲಿಯ ಕಳ್ಳಿಯಿಂದ ಎಳೆಯ ಕಡ್ಡಿಯೊಂದನ್ನು ಬಟ್ಟೆ ಸುತ್ತಿ ಹಿಡಿದು ನಿಂತಿದ್ದಳು. ಇನ್ನೊಂದು ಬದಿ ಹಿಡಿಯಲು ಕಣ್ಣಿನಲ್ಲೇ ಹೇಳಿದಳು. ಯಾವ ಮಾತು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಹಿಡಿದೆ. ಕಡ್ಡಿ ಮುರಿಯಿತು, ಹಾಲು ಬಟ್ಟೆಗೆ ಇಳಿಯಿತು.

"ಹುಲಿಗೆವ್ವನ ಮಗಳು ಹೇಳಾಕತ್ತೀನಿ," ಎಂದಳು. "ಎಲ್ಲಿಗೆ ಹೋದ್ರೂ, ಯಾರ ಮನಿ ಸೇರಿದ್ರೂ, ಮಣ್ಣಿಗೆ ಹೋಗೂತನಾ ತುಳಜವ್ವನ್ನ ನಾ ಅವ್ವ ಅಂತೀನಿ."

ನಾನು ಅತ್ತೆ. ಓಣಿಯವರು ಕೇಳಿದರೆ ಕೇಳಲಿ ಎಂದು ಗಟ್ಟಿಯಾಗಿ ಅತ್ತೆ. ಅವಳು ಅಳಲಿಲ್ಲ, ಕಡ್ಡಿಯ ಹಾಲು ತೊಳೆದು ಬೂದಿ ಮೆತ್ತುತ್ತಿದ್ದಳು.

ಎಳೆಯ ಕಡ್ಡಿ, ಏಳು ದಿನಕ್ಕೆ ಆರಿತು. ಹಿತ್ತಲಲ್ಲಿ ನೆಡುತ್ತಾಳೆ ಎಂದುಕೊಂಡಿದ್ದೆ. ಅವಳು ಮನೆಯ ಮುಂದೆ, ತನ್ನ ಮೆಷಿನ್ನಿನ ಕಿಟಕಿಗೆ ಎದುರಾಗಿ, ಕೂತಲ್ಲಿಂದ ಕಾಣುವ ಹಾಗೆ ನೆಟ್ಟಳು. ಉಸುಕು ಸ್ವಲ್ಪ ಕಡಿಮೆಯಾಯಿತು ಎನ್ನಿಸಿ ನಾನು ರೂಢಿಯಂತೆ ಬಗ್ಗಿ ಬೆರಳು ಇಳಿಸಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದು ಮೇಲೆತ್ತಿದಳು. ಬಿಗಿಯಾಗಿ ಹಿಡಿದಳು, ನೋವಾಗುವಷ್ಟಲ್ಲ.

"ಇದನ್ನ ನೀ ಮುಟ್ಟಬ್ಯಾಡವ್ವ," ಎಂದಳು. "ಇದಕ್ಕ ನೀರು ನಾ ನೋಡ್ಕೋತೀನಿ."

ಊರಿನ ಯಾವ ಹಿತ್ತಲಿಗಾದರೂ ಕೇಳದೆ ನುಗ್ಗುವ ನಾನು ಆ ಒಂದು ಗಿಡವನ್ನು ಇವತ್ತಿಗೂ ಹೊಸ್ತಿಲಲ್ಲಿ ನಿಂತೇ ನೋಡುತ್ತೇನೆ. ಚೆನ್ನಾಗಿ ಬೆಳೆಸಿದ್ದಾಳೆ.